ಪ್ರಾರ್ಥನೆಯೂ ಲೇಖನಿಯೂ

ಓದತಕ್ಕ ವೇದಭಾಗಗಳು: ವಿಮೋಚನಕಾಂಡ 31:1–11 ಮತ್ತು 35:25–26, 1 ಸಮುವೇಲ 1:9–18 ಮತ್ತು 2:1–10, ಯೆರೆಮೀಯ 36, ಲೂಕ 1:1–4 ಮತ್ತು 46–55.



ಪ್ರಾರ್ಥನೆಯು ದೇವಾಲಯಕ್ಕೂ ಮನೆಯ ಏಕಾಂತಕ್ಕೂ ಸೇರಿದ್ದು. ಬರವಣಿಗೆಯು ತರಗತಿಗೂ ಪರೀಕ್ಷೆಗೂ ಸೇರಿದ್ದು. ಇವೆರಡಕ್ಕೂ ತಮ್ಮತಮ್ಮ ಗಳಿಗೆಗಳುಂಟು. ಒಂದರ ಗೊಡವೆ ಮತ್ತೊಂದಕ್ಕೆ ಬೇಡ ಎಂಬ ಭಾವನೆಯು ನಮ್ಮಲ್ಲಿ ಬಹು ಕಾಲದಿಂದ ಬೇರೂರಿದೆ. ಹೀಗೆ ಇವೆರಡನ್ನೂ ಅಗಲಿಸಿದ ಕಾರಣದಿಂದ ಎರಡಕ್ಕೂ ನಷ್ಟವಾಗಿದೆ ಎಂಬುದನ್ನು ಈ ಲೇಖನದಲ್ಲಿ ವಿಚಾರಿಸಬೇಕೆಂದಿದ್ದೇವೆ. ನಾವು ಹೇಳಬೇಕೆಂದಿರುವ ಮಾತು ಒಂದೇ: ಪ್ರಾರ್ಥನೆಗೂ ಒಳ್ಳೆಯ ಬರವಣಿಗೆಗೂ ಮೂಲವಾದ ಗುಣವು ಒಂದೇ ಆಗಿದೆ, ಅದು ಇದ್ದದ್ದನ್ನು ಇದ್ದಂತೆ ತನ್ನ ಸ್ವಂತ ಮಾತಿನಲ್ಲಿ ಹೇಳುವ ಧೈರ್ಯ. ಈ ಧೈರ್ಯವನ್ನು ಒಂದೆಡೆಯಲ್ಲಿ ಕಳೆದುಕೊಂಡವಳು ಮತ್ತೊಂದೆಡೆಯಲ್ಲಿಯೂ ಕಳೆದುಕೊಳ್ಳುವಳು. ಒಂದೆಡೆಯಲ್ಲಿ ಪಡೆದವಳು ಮತ್ತೊಂದೆಡೆಯಲ್ಲಿಯೂ ಪಡೆಯುವಳು.

1. ಕಲ್ಪನಾಶಕ್ತಿಯು ಯಾರ ವರ?

ಭಕ್ತರಾದ ಕೆಲವು ತಂದೆತಾಯಿಗಳಿಗೆ ಒಂದು ಅಂಜಿಕೆಯುಂಟು. ಮಗಳು ಕಥೆ ಕಟ್ಟುತ್ತಾಳೆ. ನಡೆಯದುದನ್ನು ನಡೆದಂತೆ ಬರೆಯುತ್ತಾಳೆ. ಇದು ಸುಳ್ಳಿನ ಮೊದಲನೆಯ ಮೆಟ್ಟಿಲಲ್ಲವೇ ಎಂದು ಅವರು ಕೇಳುತ್ತಾರೆ. ಇನ್ನು ಕೆಲವರು, ಇದರಿಂದ ಅಂಕಗಳು ಬರುವುವೇ, ಉದ್ಯೋಗ ದೊರಕುವುದೇ ಎಂದು ಕೇಳುತ್ತಾರೆ. ಮೊದಲನೆಯ ಪ್ರಶ್ನೆಯನ್ನು ಕೇಳುವವರ ಮನಸ್ಸು ಶುದ್ಧವಾದದ್ದು. ಆದುದರಿಂದ ಅದಕ್ಕೆ ವೇದದಿಂದಲೇ ಉತ್ತರವನ್ನು ಹುಡುಕೋಣ.

ಇಸ್ರಾಯೇಲ್ಯರು ಅರಣ್ಯದಲ್ಲಿದ್ದಾಗ ದೇವದರ್ಶನದ ಗುಡಾರವನ್ನು ಕಟ್ಟಬೇಕಾಯಿತು. ಆಗ ದೇವರು ಯೂದ ಕುಲದ ಬೆಚಲೇಲನೆಂಬವನನ್ನು ಹೆಸರು ಹಿಡಿದು ಕರೆದು, ಅವನನ್ನು ದೇವರಾತ್ಮದಿಂದ ತುಂಬಿಸಿದನೆಂದು ವಿಮೋಚನಕಾಂಡವು ತಿಳಿಸುತ್ತದೆ. ಆತ್ಮವು ಅವನಿಗೆ ಬಂದದ್ದು ಯಾತಕ್ಕೆ? ಪ್ರವಾದನೆ ಹೇಳುವುದಕ್ಕಲ್ಲ, ಯುದ್ಧ ಮಾಡುವುದಕ್ಕೂ ಅಲ್ಲ. ಚಿನ್ನ, ಬೆಳ್ಳಿ, ತಾಮ್ರಗಳಲ್ಲಿ ಸೊಗಸಾದ ಕೆಲಸವನ್ನು ಕಲ್ಪಿಸುವುದಕ್ಕೆ, ರತ್ನಗಳನ್ನು ಕೆತ್ತುವುದಕ್ಕೆ, ಮರವನ್ನು ರೂಪಿಸುವುದಕ್ಕೆ. ಅದೇ ಪುಸ್ತಕದ 35ನೆಯ ಅಧ್ಯಾಯದಲ್ಲಿ, ಜಾಣೆಯರಾದ ಸ್ತ್ರೀಯರು ತಮ್ಮ ಕೈಗಳಿಂದಲೇ ಬಣ್ಣಬಣ್ಣದ ನೂಲನ್ನೂ ಆಡಿನ ಕೂದಲನ್ನೂ ನೂತು ತಂದರೆಂದು ಬರೆದಿದೆ. ಅವರ ಹೆಸರುಗಳು ನಮಗೆ ಉಳಿದು ಬಂದಿಲ್ಲ. ಅವರ ಕೌಶಲವನ್ನು ಮಾತ್ರ ವೇದವು ಮರೆಯಲಿಲ್ಲ. ಕೈಯ ಕೌಶಲವು ದೇವರ ವರವಾದರೆ ಮಾತಿನ ಕೌಶಲವು ಮಾತ್ರ ಸೈತಾನನ ವರವಾಗುವುದು ಹೇಗೆ?

ಇನ್ನು ಕಥೆಯ ವಿಷಯ. ನಮ್ಮ ಕರ್ತನು ಜನರಿಗೆ ಸಾಮ್ಯಗಳ ಮೂಲಕ ಬೋಧಿಸಿದನು. ಮನೆಯನ್ನು ಗುಡಿಸಿ, ದೀಪ ಹಚ್ಚಿ, ಕಳೆದುಹೋದ ಒಂದೇ ನಾಣ್ಯವನ್ನು ಹುಡುಕಿದ ಹೆಂಗಸು ಯಾವ ಊರಿನವಳು? ಮೂರು ಸೇರು ಹಿಟ್ಟಿನಲ್ಲಿ ಹುಳಿಯನ್ನು ಅಡಗಿಸಿದವಳ ಹೆಸರೇನು? ಅವರು ಪಟ್ಟಿಯಲ್ಲಿ ದಾಖಲಾದವರಲ್ಲ, ಕಥೆಯಲ್ಲಿ ಬಂದವರು. ಆದರೂ ಅವರ ಮೂಲಕ ಹೇಳಲ್ಪಟ್ಟದ್ದು ಸತ್ಯವೇ. ಸುಳ್ಳು ಹೇಳುವವನು ಕೇಳುವವನನ್ನು ವಂಚಿಸಬೇಕೆಂದು ಕಟ್ಟುತ್ತಾನೆ. ಕಥೆ ಹೇಳುವವನು ಕೇಳುವವನ ಕಣ್ಣು ತೆರೆಯಬೇಕೆಂದು ಕಟ್ಟುತ್ತಾನೆ. ಈ ಭೇದವನ್ನು ಬಾಲಕಿಗೆ ತಿಳಿಯಪಡಿಸಬೇಕೇ ಹೊರತು ಅವಳ ಬಾಯನ್ನು ಮುಚ್ಚಿಸಬಾರದು. ಕರ್ತನ ಸಾಮ್ಯಗಳಲ್ಲಿ ಮತ್ತೊಂದು ವಿಶೇಷವನ್ನೂ ಗಮನಿಸಿರಿ. ಪೊರಕೆ, ದೀಪ, ಹಿಟ್ಟು, ಹುಳಿ ಇವು ಅಡಿಗೆಮನೆಯ ವಸ್ತುಗಳು. ಬರೆಯುವುದಕ್ಕೆ ನಮ್ಮ ಜೀವನದಲ್ಲಿ ಏನಿದೆ ಎಂದು ಕೇಳುವ ಸ್ತ್ರೀಯರಿಗೆ ಇದಕ್ಕಿಂತ ಬೇರೆ ಉತ್ತರ ಬೇಕೇ?

2. ಎರವಲು ಮಾತು, ಸ್ವಂತ ಮಾತು

ಪ್ರಬಂಧಗಳನ್ನು ತಿದ್ದುವ ಪ್ರತಿಯೊಬ್ಬ ಉಪಾಧ್ಯಾಯಿನಿಗೂ ಪರಿಚಿತವಾದ ಒಂದು ರೋಗವುಂಟು. ‘ನನ್ನ ಅಜ್ಜಿ’ ಎಂಬ ವಿಷಯವನ್ನು ಕೊಟ್ಟರೆ ನಲವತ್ತು ಪುಸ್ತಕಗಳಲ್ಲಿ ನಲವತ್ತು ಅಜ್ಜಿಯರೂ ಪ್ರೀತಿಯ ಸಾಗರಗಳೇ, ವಾತ್ಸಲ್ಯದ ಮೂರ್ತಿಗಳೇ. ಎಲ್ಲಿಯೋ ಒಂದು ಪುಸ್ತಕದಲ್ಲಿ ಮಾತ್ರ, ಬೆಂಕಿಪೆಟ್ಟಿಗೆಯ ಕಡ್ಡಿಗಳನ್ನು ಎಣಿಸಿಡುವ, ಬೆಲ್ಲದ ಡಬ್ಬಿಯನ್ನು ಅಕ್ಕಿಯ ಮೂಟೆಯ ಹಿಂದೆ ಬಚ್ಚಿಡುವ, ಆದರೂ ಮೊಮ್ಮಗಳಿಗೆ ಜ್ವರ ಬಂದ ರಾತ್ರಿ ಆ ಬೆಲ್ಲವನ್ನೆಲ್ಲ ಹೊರಗೆ ತಂದ ಅಜ್ಜಿಯೊಬ್ಬಳು ಕಾಣಿಸಿಕೊಳ್ಳುತ್ತಾಳೆ. ಅವಳನ್ನು ಓದಿದವರು ಮರೆಯಲಾರರು. ಉಳಿದ ಮೂವತ್ತೊಂಬತ್ತು ಅಜ್ಜಿಯರನ್ನು ಗಂಟೆ ಹೊಡೆಯುವ ಮೊದಲೇ ಮರೆತಿರುತ್ತೇವೆ.

ಇದೇ ರೋಗವು ಪ್ರಾರ್ಥನೆಯಲ್ಲಿಯೂ ಉಂಟು. ಕೂಟದಲ್ಲಿ ಪ್ರಾರ್ಥನೆ ಮಾಡೆಂದು ಬಾಲಕಿಯೊಬ್ಬಳನ್ನು ಕರೆದರೆ, ಹಿರಿಯರಿಂದ ಕೇಳಿದ ಹತ್ತು ಹದಿನೈದು ವಾಕ್ಯಗಳನ್ನು ಒಂದರ ಹಿಂದೊಂದರಂತೆ ಪೋಣಿಸಿ ‘ಆಮೆನ್’ ಎನ್ನುತ್ತಾಳೆ. ಆ ವಾಕ್ಯಗಳು ಕೆಟ್ಟವುಗಳಲ್ಲ. ಆದರೆ ಅವು ಅವಳವಲ್ಲ. ಆ ದಿನ ಅವಳ ಹೃದಯದಲ್ಲಿದ್ದ ಭಯವಾಗಲಿ ಸಂತೋಷವಾಗಲಿ ಅವುಗಳೊಳಗೆ ಹೊಕ್ಕಿರುವುದಿಲ್ಲ.

ಗುರುತು ತಿಳಿಯದಂತೆ ಒಂದು ಸಂಗತಿಯನ್ನು ಹೇಳಬಹುದು. ಒಬ್ಬ ವಿದ್ಯಾರ್ಥಿನಿಯು ತಂದೆಯನ್ನು ಕಳೆದುಕೊಂಡು ಎರಡು ತಿಂಗಳು ಕಳೆದಿರಲಿಲ್ಲ. ‘ನಮ್ಮ ಮನೆ’ ಎಂಬ ಪ್ರಬಂಧದಲ್ಲಿ ಅವಳು, ದೇವರ ಕೃಪೆಯಿಂದ ನಾವೆಲ್ಲರೂ ಕ್ಷೇಮವಾಗಿದ್ದೇವೆ, ನಮ್ಮ ಮನೆಯಲ್ಲಿ ಸಮಾಧಾನವು ನೆಲೆಸಿದೆ ಎಂದು ಅಂದವಾದ ಅಕ್ಷರಗಳಲ್ಲಿ ಬರೆದಿದ್ದಳು. ಕಾಗುಣಿತದ ತಪ್ಪು ಒಂದೂ ಇರಲಿಲ್ಲ. ನಾವು ಅವಳಿಗೆ 88ನೆಯ ಕೀರ್ತನೆಯನ್ನು ಓದಿ ಬರಲು ಹೇಳಿದೆವು. ಕೀರ್ತನೆಗಳ ಪುಸ್ತಕದಲ್ಲಿ ಬಹುಮಟ್ಟಿಗೆ ಎಲ್ಲ ವಿಲಾಪಗಳೂ ಕೊನೆಯಲ್ಲಿ ನಂಬಿಕೆಯ ಕಡೆಗೋ ಸ್ತೋತ್ರದ ಕಡೆಗೋ ತಿರುಗುತ್ತವೆ. ಇದು ಮಾತ್ರ ದೇವರನ್ನು ಕೂಗುತ್ತಾ ಆರಂಭಿಸಿ ಕತ್ತಲೆಯಲ್ಲಿಯೇ ಮುಗಿಯುತ್ತದೆ. ಇಂಥ ಪ್ರಾರ್ಥನೆಯನ್ನು ಪುಸ್ತಕದಿಂದ ತೆಗೆದುಹಾಕಬೇಕೆಂದು ಯೆಹೂದ್ಯರಿಗೂ ತೋರಲಿಲ್ಲ, ಸಭೆಗೂ ತೋರಲಿಲ್ಲ ಎಂಬುದನ್ನು ಮಾತ್ರ ಅವಳಿಗೆ ತಿಳಿಸಿದೆವು.

ಕೆಲವು ದಿನಗಳಾದ ಮೇಲೆ ಅವಳು ಒಂದು ಹಾಳೆಯನ್ನು ತಂದುಕೊಟ್ಟಳು. ತಂದೆಯ ಚಪ್ಪಲಿಗಳು ಇನ್ನೂ ಬಾಗಿಲ ಬಳಿಯಲ್ಲಿಯೇ ಇವೆ. ಅವುಗಳನ್ನು ಎತ್ತಿಡಲು ಯಾರಿಗೂ ಕೈಬಾರದು. ತಾಯಿಯು ಬೆಳಗ್ಗೆ ಅವುಗಳ ಸುತ್ತಲೂ ಗುಡಿಸಿ ಅಷ್ಟು ಜಾಗವನ್ನು ಹಾಗೆಯೇ ಬಿಡುತ್ತಾಳೆ. ಸ್ತೋತ್ರ ಹೇಳಲು ಮನಸ್ಸು ಬಾರದ್ದರಿಂದ ತಾನು ಪ್ರಾರ್ಥನೆಯನ್ನೇ ಬಿಟ್ಟಿದ್ದೇನೆ ಎಂದು ಅದರಲ್ಲಿತ್ತು. ನಾವು ಅದಕ್ಕೆ ಅಂಕ ಹಾಕಲಿಲ್ಲ. ಇದನ್ನು ದೇವರಿಗೆ ಹೇಳಿದೆಯಾ ಎಂದು ಮಾತ್ರ ಕೇಳಿದೆವು. ಪ್ರಾರ್ಥನೆಯಲ್ಲಿ ಒಳ್ಳೆಯ ಮಾತುಗಳನ್ನು ಮಾತ್ರ ಆಡಬೇಕಲ್ಲವೇ ಎಂದು ಅವಳು ಆಶ್ಚರ್ಯಪಟ್ಟಳು. ನೋಡಿರಿ, ಅವಳ ಪ್ರಬಂಧವನ್ನು ನಿರ್ಜೀವಗೊಳಿಸಿದ್ದ ಕಟ್ಟಳೆಯೇ ಅವಳ ಪ್ರಾರ್ಥನೆಯನ್ನೂ ನಿಲ್ಲಿಸಿಬಿಟ್ಟಿತ್ತು. ಆ ಬಾಲಕಿಯು ಮುಂದೆ ಲೇಖಕಿಯಾಗಲಿಲ್ಲ. ಆದರೆ ಆ ಹಾಳೆಯನ್ನು ಬರೆದ ಬಳಿಕ ಪುನಃ ಪ್ರಾರ್ಥಿಸತೊಡಗಿದಳು. ಒಂದು ಶಾಲೆಗೆ ಇದು ಸಣ್ಣ ಫಲವಲ್ಲ.

ವೇದದಲ್ಲಿ ಹನ್ನಳ ಚರಿತ್ರೆಯು ಇದನ್ನೇ ಕಲಿಸುತ್ತದೆ. ಶಿಲೋವಿನಲ್ಲಿ ಅವಳು ಪ್ರಾರ್ಥಿಸುವಾಗ ತುಟಿಗಳು ಮಾತ್ರ ಅಲುಗುತ್ತಿದ್ದವು, ಶಬ್ದ ಕೇಳಿಸುತ್ತಿರಲಿಲ್ಲ. ಯಾಜಕನಾದ ಏಲಿಯು ಅವಳನ್ನು ಕುಡಿದವಳೆಂದು ತಿಳಿದನು. ಅವಳ ಪ್ರಾರ್ಥನೆಯು ಪದ್ಧತಿಯ ಪ್ರಾರ್ಥನೆಯಂತೆ ಕಾಣಲಿಲ್ಲ. ಅದು ಮನೋವ್ಯಥೆಯನ್ನು ಹಾಗೆಯೇ ಸುರಿದುಬಿಟ್ಟದ್ದಾಗಿತ್ತು. ಮೊದಲು ಆ ಮೌನವಾದ ಅಳುವಿದ್ದು, ಆಮೇಲೆ ಎರಡನೆಯ ಅಧ್ಯಾಯದ ಆ ಮಹಾಗೀತೆಯು ಹುಟ್ಟಿತು. ಈ ಕ್ರಮವನ್ನು ತಿರುಗಿಸಿ, ಮೊದಲು ಗೀತೆಯನ್ನು ಹಾಡು, ಅಳುವನ್ನು ಅಡಗಿಸಿಡು ಎಂದು ನಾವು ಮಕ್ಕಳಿಗೆ ಕಲಿಸಬಾರದು.

ಹಾಗಾದರೆ ಬಾಯಿಪಾಠವು ಬೇಡವೇ? ಹಾಗೆಂದು ಎಣಿಸಬೇಡಿರಿ. ಮರಿಯಳು ಎಲಿಸಬೇತಳ ಮನೆಯಲ್ಲಿ ಹಾಡಿದ ಹಾಡನ್ನು ಹನ್ನಳ ಗೀತೆಯ ಪಕ್ಕದಲ್ಲಿಟ್ಟು ಓದಿದರೆ, ಬಲಿಷ್ಠರ ತಗ್ಗಿಸುವಿಕೆ, ದೀನರ ಏಳಿಗೆ, ಹಸಿದವರ ತೃಪ್ತಿ ಎಂಬ ಭಾವಗಳು ಎರಡರಲ್ಲಿಯೂ ಕಾಣುತ್ತವೆ. ಮರಿಯಳು ಹಳೆಯ ಗೀತೆಯನ್ನು ಹೃದಯದಲ್ಲಿಟ್ಟುಕೊಂಡು ಬೆಳೆದವಳು. ತನ್ನ ಗಳಿಗೆ ಬಂದಾಗ ಆ ಮಾತುಗಳು ಅವಳ ಸ್ವಂತ ಮಾತುಗಳಾಗಿ ಹೊರಟವು. ಉಂಡ ಅನ್ನವು ರಕ್ತವಾಗುವುದು ಬೇರೆ. ಅನ್ನವನ್ನು ಸೆರಗಿನಲ್ಲಿ ಕಟ್ಟಿಕೊಂಡು ತಿರುಗುವುದು ಬೇರೆ. ಸಿದ್ಧವಾದ ಶುಭಾಶಯಗಳೂ ಸಂತಾಪದ ಮಾತುಗಳೂ ಬೆರಳು ಮುಟ್ಟಿದೊಡನೆ ದೂರವಾಣಿಯಲ್ಲಿ ದೊರಕುವ ಈ ದಿನಗಳಲ್ಲಿ, ಸೆರಗಿನ ಗಂಟನ್ನೇ ಊಟವೆಂದು ತಿಳಿಯುವ ಅಪಾಯವು ಹೆಚ್ಚಾಗಿದೆ.

3. ಪ್ರೇರಣೆಯೂ ಪರಿಶ್ರಮವೂ

ಪ್ರಾರ್ಥನೆ ಮಾಡಿ ಬರೆದದ್ದರಿಂದ ತಿದ್ದುವ ಅಗತ್ಯವಿಲ್ಲವೆಂದು ಹೇಳುವವರನ್ನು ನಾವು ಕಂಡಿದ್ದೇವೆ. ಇದು ಭಕ್ತಿಯ ವೇಷವನ್ನು ಧರಿಸಿದ ಆಲಸ್ಯ. ಪವಿತ್ರಾತ್ಮನ ಪ್ರೇರಣೆಯಿಂದ ಬರೆದ ಲೂಕನು ತನ್ನ ಸುವಾರ್ತೆಯ ಪೀಠಿಕೆಯಲ್ಲಿ, ಆದಿಯಿಂದ ನಡೆದುದನ್ನೆಲ್ಲ ಕಣ್ಣಾರೆ ಕಂಡವರಿಂದ ಬಂದಂತೆ ಚೆನ್ನಾಗಿ ವಿಚಾರಿಸಿ, ಕ್ರಮವಾಗಿ ಬರೆಯುವುದಾಗಿ ಥೆಯೊಫಿಲನಿಗೆ ತಿಳಿಸುತ್ತಾನೆ. ವಿಚಾರಣೆ, ಕ್ರಮ ಎಂಬ ಎರಡು ಕೆಲಸಗಳಿಂದ ಪ್ರೇರಣೆಯು ಅವನನ್ನು ಬಿಡುಗಡೆ ಮಾಡಲಿಲ್ಲ.

ಇನ್ನು ಯೆರೆಮೀಯನ 36ನೆಯ ಅಧ್ಯಾಯವನ್ನು ಬರೆಯುವವರೆಲ್ಲರೂ ವರ್ಷಕ್ಕೊಮ್ಮೆ ಓದತಕ್ಕದ್ದು. ಪ್ರವಾದಿಯು ಹೇಳಿದ ಮಾತುಗಳನ್ನು ಬಾರೂಕನು ಸುರುಳಿಯಲ್ಲಿ ಮಸಿಯಿಂದ ಬರೆದನು. ಅರಸನಾದ ಯೆಹೋಯಾಕೀಮನು ಚಳಿಗಾಲದ ಅರಮನೆಯಲ್ಲಿ ಅಗ್ಗಿಷ್ಟಿಕೆಯ ಮುಂದೆ ಕುಳಿತು ಅದನ್ನು ಓದಿಸಿದನು. ಮೂರು ನಾಲ್ಕು ಅಂಕಣಗಳು ಮುಗಿದಂತೆಲ್ಲಾ ಅವುಗಳನ್ನು ಚೂರಿಯಿಂದ ಕತ್ತರಿಸಿ ಬೆಂಕಿಗೆ ಹಾಕಿದನು. ಕೊನೆಗೆ ಸುರುಳಿಯೆಲ್ಲವೂ ಬೂದಿಯಾಯಿತು. ಆಗ ಬಾರೂಕನು ಮತ್ತೊಂದು ಸುರುಳಿಯನ್ನು ತೆಗೆದುಕೊಂಡು ಪ್ರವಾದಿಯ ಬಾಯಿಂದ ಕೇಳಿ ಮೊದಲಿನಿಂದ ಬರೆದನು; ಮೊದಲಿನ ಮಾತುಗಳೊಂದಿಗೆ ಅಂಥವೇ ಇನ್ನೂ ಅನೇಕ ಮಾತುಗಳು ಸೇರಿದವೆಂದು ಆ ಅಧ್ಯಾಯವು ಮುಗಿಯುತ್ತದೆ. ನಮಗೆ ಉಳಿದಿರುವುದು ಎರಡನೆಯ ಸುರುಳಿಯೇ ಹೊರತು ಮೊದಲನೆಯದಲ್ಲ.

ಇಂಥದೇ ಒಂದು ಸಂಗತಿಯು ನಮ್ಮ ದೇಶದ ಮಿಶನ್ ಚರಿತ್ರೆಯಲ್ಲಿಯೂ ನಡೆಯಿತು. 1812ನೆಯ ಇಸವಿ ಮಾರ್ಚ್ 11ರಂದು ಬಂಗಾಳದ ಶ್ರೀರಾಮಪುರದಲ್ಲಿ ವಿಲಿಯಂ ಕೇರಿಯವರ ಅಚ್ಚುಕೂಟಕ್ಕೆ ಬೆಂಕಿ ಬಿದ್ದು, ಅನೇಕ ವರ್ಷಗಳ ಹಸ್ತಪ್ರತಿಗಳೂ ಹಲವು ಭಾಷೆಗಳ ಅಚ್ಚಿನ ಮೊಳೆಗಳೂ ನಾಶವಾದವು. ಕೇರಿಯವರು ಒಮ್ಮೆ ನಡೆದ ದಾರಿಯನ್ನು ಎರಡನೆಯ ಸಲ ನಡೆಯುವುದು ಹೆಚ್ಚು ನಿಶ್ಚಯವಾಗಿರುತ್ತದೆಂದು ಸಮಾಧಾನ ತಂದುಕೊಂಡು ಪುನಃ ಕೆಲಸಕ್ಕೆ ಕುಳಿತರು. ಅವರ ಕನ್ನಡ ವ್ಯಾಕರಣವು ಆ ಬೆಂಕಿಯಾದ ಐದು ವರ್ಷಗಳ ಮೇಲೆ, 1817ರಲ್ಲಿ, ಅದೇ ಶ್ರೀರಾಮಪುರದಲ್ಲಿ ಅಚ್ಚಾಯಿತು. ತಿದ್ದುಪಡಿಯ ಕೆಂಪು ಗೆರೆಗಳನ್ನು ಕಂಡು ಕಣ್ಣೀರು ಹಾಕುವ ಬಾಲಕಿಯರಿಗೆ ಈ ಎರಡು ಬೆಂಕಿಗಳ ಕಥೆಯನ್ನು ಹೇಳಬೇಕು. ಪುನಃ ಬರೆಯುವುದು ದಂಡನೆಯಲ್ಲ. ಮೊದಲು ಕಾಣದಿದ್ದುದನ್ನು ಕಾಣುವುದಕ್ಕೆ ದೊರೆತ ಅವಕಾಶ.

4. ಹಳೆಯ ವಿದ್ಯಾರ್ಥಿನಿಯರಿಗೆ: ಕಾಲವು ಮೀರಿಲ್ಲ

ಶಾಲೆಯಲ್ಲಿ ಚೆನ್ನಾಗಿ ಬರೆಯುತ್ತಿದ್ದವರನ್ನು ಹತ್ತು ಇಪ್ಪತ್ತು ವರ್ಷಗಳ ಬಳಿಕ ಕಂಡಾಗ, ಈಗ ಏನು ಬರೆಯುತ್ತೀರಿ ಎಂದು ಕೇಳುವುದು ನಮ್ಮ ವಾಡಿಕೆ. ಅವರು ನಕ್ಕು, ಕಿರಾಣಿಯ ಚೀಟಿಯನ್ನು ಬರೆಯುತ್ತೇವೆ ಎನ್ನುತ್ತಾರೆ. ಆ ನಗೆಯಲ್ಲಿ ಸ್ವಲ್ಪ ದುಃಖವೂ ಇರುತ್ತದೆ. ಅಂಥವರಿಗಾಗಿ ಒಬ್ಬ ಮರಾಠಿ ಸಹೋದರಿಯ ಚರಿತ್ರೆಯನ್ನು ಹೇಳುತ್ತೇವೆ.

ಲಕ್ಷ್ಮೀಬಾಯಿ ಟಿಳಕರು 1868ರಲ್ಲಿ ನಾಸಿಕ ಪ್ರಾಂತದ ಒಂದು ಬ್ರಾಹ್ಮಣ ಕುಟುಂಬದಲ್ಲಿ ಹುಟ್ಟಿದರು. ಅವರು ಕ್ರಮವಾಗಿ ಶಾಲೆಗೆ ಹೋದವರಲ್ಲ. ಬಾಲ್ಯದಲ್ಲಿಯೇ ಮದುವೆಯಾಯಿತು. ಪತಿಯಾದ ನಾರಾಯಣ ವಾಮನ ಟಿಳಕರು ಹೆಸರಾದ ಕವಿಗಳು. ಬಿಡುವು ದೊರೆತಾಗ ಮಡದಿಗೆ ಓದುಬರಹ ಕಲಿಸಿದವರು ಅವರೇ. ಟಿಳಕರು 1895ರಲ್ಲಿ ಕ್ರೈಸ್ತರಾದಾಗ ಲಕ್ಷ್ಮೀಬಾಯಿಯವರಿಗೆ ಅದು ಸಿಡಿಲು ಬಡಿದಂತಾಯಿತು. ಕೆಲವು ವರ್ಷಗಳ ಅಗಲಿಕೆಯೂ ಒಳಗಿನ ಹೋರಾಟವೂ ಕಳೆದ ಮೇಲೆ, ಯಾರ ಒತ್ತಾಯವೂ ಇಲ್ಲದೆ, ತಮ್ಮ ಸ್ವಂತ ನಿಶ್ಚಯದಿಂದ ಅವರೂ ದೀಕ್ಷಾಸ್ನಾನ ಹೊಂದಿದರು. ಟಿಳಕರು ಕರ್ತನ ಚರಿತ್ರೆಯನ್ನು ‘ಕ್ರಿಸ್ತಾಯನ’ವೆಂಬ ಮಹಾಕಾವ್ಯವಾಗಿ ಬರೆಯಲು ತೊಡಗಿ, ಅದು ಮುಗಿಯುವ ಮೊದಲೇ 1919ರಲ್ಲಿ ತೀರಿಕೊಂಡರು. ಶಾಲೆಯ ಮುಖವನ್ನೇ ಸರಿಯಾಗಿ ಕಾಣದ ವಿಧವೆಯು ಆ ಕಾವ್ಯದ ಬಹುಭಾಗವನ್ನು ತಾನೇ ಬರೆದು ಮುಗಿಸಿದಳು.

ಇದಕ್ಕಿಂತಲೂ ಹೆಚ್ಚಿನ ಕೆಲಸವು ಮುಂದೆ ನಡೆಯಿತು. 1934ರಿಂದ ಅವರ ಆತ್ಮಚರಿತ್ರೆಯಾದ ‘ಸ್ಮೃತಿಚಿತ್ರೆ’ಯು ಭಾಗಭಾಗವಾಗಿ ಪ್ರಕಟವಾಯಿತು. ಆಗ ಅವರಿಗೆ 65 ವರ್ಷಗಳು ದಾಟಿದ್ದವು. ಮರಾಠಿಯ ಅತ್ಯುತ್ತಮ ಆತ್ಮಚರಿತ್ರೆಗಳಲ್ಲಿ ಅದನ್ನು ಎಣಿಸುತ್ತಾರೆ. ಅದರ ಶಕ್ತಿಯು ಎಲ್ಲಿದೆ? ಅಲಂಕಾರದಲ್ಲಿ ಅಲ್ಲ. ಮನೆಯಲ್ಲಿ ಆಡುವ ಮರಾಠಿಯಲ್ಲಿ ಅವರು ತಮ್ಮ ಸಿಟ್ಟನ್ನೂ ಭಯವನ್ನೂ ಬರೆದರು. ಮಡಿಮೈಲಿಗೆಯ ಭಾವನೆಯು ಮೆಲ್ಲಮೆಲ್ಲನೆ ತಮ್ಮಿಂದ ಕಳಚಿದ ಬಗೆಯನ್ನು ಬರೆದರು. ಕೈಗೆ ಬಂದದ್ದನ್ನೆಲ್ಲಾ ದಾನ ಮಾಡುತ್ತಿದ್ದ, ಸಂಸಾರದ ಲೆಕ್ಕ ತಿಳಿಯದ ಪತಿಯೊಡನೆ ನಡೆದ ಜಗಳಗಳನ್ನೂ ನಗುನಗುತ್ತಾ ಬರೆದರು. ತಾನು ಭಕ್ತೆಯೆಂದು ತೋರಿಸಿಕೊಳ್ಳಲು ಅವರು ಒಂದು ವಾಕ್ಯವನ್ನೂ ಬಣ್ಣಗಟ್ಟಲಿಲ್ಲ. ಆದುದರಿಂದಲೇ ಓದುವವರಿಗೆ ಅವರ ಭಕ್ತಿಯಲ್ಲಿ ನಂಬಿಕೆ ಹುಟ್ಟುತ್ತದೆ. ದೇವರಿಗೆ ಎಲ್ಲವೂ ತಿಳಿದಿದೆಯೆಂದು ನಂಬಿದವರಿಗೆ ಓದುಗರಿಂದ ಮರೆಮಾಚಬೇಕಾದದ್ದು ಬಹಳ ಉಳಿಯುವುದಿಲ್ಲ.

ಸಹೋದರಿಯರೇ, ನಿಮ್ಮ ತಲಾಂತು ನೆಲದಲ್ಲಿ ಹೂತಿದ್ದರೆ ಅದು ಕೊಳೆತುಹೋಗಿಲ್ಲ. ಕಿರಾಣಿಯ ಚೀಟಿಯ ಹಿಂಭಾಗದಲ್ಲಿಯೂ ನಾಲ್ಕು ಸಾಲು ಬರೆಯುವುದಕ್ಕೆ ಸ್ಥಳವುಂಟು.

5. ತಂದೆತಾಯಿಗಳಿಗೆ ಕೆಲವು ಸೂಚನೆಗಳು

ಪಂಡಿತಾ ರಮಾಬಾಯಿಯವರು 1858ರಲ್ಲಿ ಹುಟ್ಟಿದ್ದು ನಮ್ಮ ಕನ್ನಡ ನಾಡಿನ ಪಶ್ಚಿಮ ಘಟ್ಟಗಳ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತ ಶಾಸ್ತ್ರಿಗಳು ಲೋಕದ ವಿರೋಧವನ್ನು ಲೆಕ್ಕಿಸದೆ ಹೆಂಡತಿಗೆ ಸಂಸ್ಕೃತವನ್ನು ಕಲಿಸಿದರು. ತಾಯಿ ಲಕ್ಷ್ಮೀಬಾಯಿಯವರು ಮಗಳಿಗೆ ಕಲಿಸಿದರು. ಹಗಲೆಲ್ಲಾ ಮನೆಗೆಲಸವಿದ್ದುದರಿಂದ ತಾಯಿಯು ನಸುಕಿನಲ್ಲಿ, ಹಕ್ಕಿಗಳು ಕೂಗುವ ಹೊತ್ತಿಗೆ, ನಿದ್ದೆಗಣ್ಣಿನ ಮಗಳನ್ನು ಮುದ್ದಿನ ಮಾತುಗಳಿಂದ ಎಬ್ಬಿಸಿ ಬಾಯಿಂದಲೇ ಪಾಠ ಹೇಳುತ್ತಿದ್ದಳೆಂದು ಅವರ ಚರಿತ್ರೆಯನ್ನು ಬರೆದವರು ತಿಳಿಸಿದ್ದಾರೆ. ಆ ತಾಯಿ ಕ್ರೈಸ್ತಳಲ್ಲ. ಆದರೂ ಕ್ರೈಸ್ತ ತಾಯಂದಿರು ಅವಳಿಂದ ಕಲಿಯತಕ್ಕದ್ದು ಬಹಳವಿದೆ. ಆ ಮಗಳು ಮುಂದೆ ಇಬ್ರಿಯ ಗ್ರೀಕ್ ಭಾಷೆಗಳನ್ನು ಕಲಿತು ಸತ್ಯವೇದವನ್ನೆಲ್ಲ ಮರಾಠಿಗೆ ಭಾಷಾಂತರಿಸಿದರು. ಪುಣೆಯ ಬಳಿಯ ಕೇಡಗಾಂವದ ಮುಕ್ತಿ ಸದನದಲ್ಲಿ, ಅವರು ಆಶ್ರಯ ಕೊಟ್ಟ ಸ್ತ್ರೀಯರ ಕೈಗಳೇ ಅದರ ಮೊಳೆಗಳನ್ನು ಜೋಡಿಸಿ ಅಚ್ಚುಹಾಕಿದವು. ರಮಾಬಾಯಿಯವರು 1922ರಲ್ಲಿ ಕಣ್ಣು ಮುಚ್ಚುವ ಮೊದಲು ಆ ಭಾಷಾಂತರದ ಕೆಲಸವನ್ನು ಮುಗಿಸಿದ್ದರು.

ಇದನ್ನು ಮನಸ್ಸಿನಲ್ಲಿಟ್ಟು ನಾವು ಕೊಡುವ ಸೂಚನೆಗಳು ಇವು.

ಮೊದಲನೆಯದು: ಮಗಳು ತಾನು ಬರೆದುದನ್ನು ತೋರಿಸಿದಾಗ ಮೊದಲು ಕಾಗುಣಿತವನ್ನು ತಿದ್ದಬೇಡಿರಿ. ಅವಳು ಏನನ್ನು ಕಂಡಳು ಎಂಬುದನ್ನು ಮೊದಲು ಕೇಳಿರಿ. ಕಾಗುಣಿತವು ನಾಳೆಗೂ ಇರುತ್ತದೆ.

ಎರಡನೆಯದು: ಅವಳು ತೋರಿಸದ ಪುಸ್ತಕವನ್ನು ತೆರೆಯಬೇಡಿರಿ. ಕೋಣೆಯೊಳಗೆ ಹೋಗಿ ಬಾಗಿಲನ್ನು ಮುಚ್ಚಿಕೊಂಡು ಪ್ರಾರ್ಥಿಸಬೇಕೆಂದು ಕರ್ತನು ಕಲಿಸಿದನಷ್ಟೆ. ಕದ್ದು ಓದುವವರುಂಟೆಂದು ತಿಳಿದ ಬಾಲಕಿಯು ಆ ದಿನದಿಂದ ಓದುವವರಿಗಾಗಿ ಬರೆಯುತ್ತಾಳೆ, ಸತ್ಯಕ್ಕಾಗಿ ಬರೆಯುವುದಿಲ್ಲ.

ಮೂರನೆಯದು: ಪ್ರತಿಯೊಂದು ಕಥೆಯ ಕೊನೆಗೂ ನೀತಿಯನ್ನೂ ವೇದವಚನವನ್ನೂ ಅಂಟಿಸಬೇಕೆಂದು ಕಟ್ಟಾಯ ಮಾಡಬೇಡಿರಿ. ಎಸ್ತೇರಳ ಪುಸ್ತಕದ ಇಬ್ರಿಯ ಮೂಲದಲ್ಲಿ ದೇವರ ಹೆಸರು ಒಮ್ಮೆಯೂ ಬರುವುದಿಲ್ಲ. ಆದರೂ ಅದರಲ್ಲಿ ದೇವರ ಕೈ ಕಾಣದವರು ಯಾರು?

ನಾಲ್ಕನೆಯದು: ಮನೆಯಲ್ಲಿ ಕನ್ನಡವನ್ನು ಸಂಪತ್ತೆಂದು ಎಣಿಸಿರಿ. ಜರ್ಮನಿಯಿಂದ ಬಂದ ಫೆರ್ಡಿನಂಡ್ ಕಿಟ್ಟೆಲರು ನಮ್ಮ ಶಬ್ದಗಳನ್ನು ವರ್ಷಗಟ್ಟಲೆ ಒಂದೊಂದಾಗಿ ಆಯ್ದು, 1894ರಲ್ಲಿ ಮಂಗಳೂರಿನಲ್ಲಿ ತಮ್ಮ ಮಹಾನಿಘಂಟನ್ನು ಪ್ರಕಟಿಸಿದರು. ಅದರಲ್ಲಿ ಹಳಗನ್ನಡ ಕಾವ್ಯದ ಪದಗಳ ಜೊತೆಗೆ ಜನರ ಬಾಯ ಗಾದೆಗಳಿಗೂ ಸ್ಥಾನ ದೊರೆಯಿತು. ಪರದೇಶದ ಮಿಶನರಿಯು ಹೆಕ್ಕಿ ಕೂಡಿಸಿದ್ದನ್ನು ಮನೆಯ ಮಕ್ಕಳು ಚೆಲ್ಲಬಾರದು. ಅಜ್ಜಿಯ ಗಾದೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಲು ಮಗಳಿಗೆ ಹೇಳಿರಿ.

6. ಒಂದು ಎಚ್ಚರಿಕೆ

ಸತ್ಯವನ್ನು ಬರೆಯುವುದೆಂದರೆ ಕಂಡದ್ದನ್ನೆಲ್ಲ ಬೀದಿಗೆ ತರುವುದೆಂದು ಅರ್ಥವಲ್ಲ. ನೆರೆಯವರ ಮನೆಯ ದುಃಖವು ನಮ್ಮ ಕಥೆಗೆ ಸರಕಲ್ಲ. ಲೇಖನಿಯಿಂದ ಆದ ಗಾಯವು ಬೇಗನೆ ಮಾಯುವುದಿಲ್ಲ. ಬರೆದದ್ದನ್ನು ಇತರರಿಗೆ ಕೊಡುವ ಮೊದಲು, ಇದರಲ್ಲಿ ಬರುವ ಮನುಷ್ಯನು ನನ್ನ ಪಕ್ಕದಲ್ಲಿ ಮೊಣಕಾಲೂರಿದ್ದರೆ ನಾನು ಇದನ್ನು ಗಟ್ಟಿಯಾಗಿ ಓದಬಲ್ಲೆನೋ ಎಂದು ಕೇಳಿಕೊಳ್ಳಬೇಕು. ಹೊಗಳಿಕೆಯೂ ಒಂದು ಶೋಧನೆಯೇ. ಬಹುಮಾನ ಬಂದ ವರ್ಷ ಅಂದವಾಗಿ ಬರೆಯತೊಡಗಿ, ಮುಂದಿನ ವರ್ಷ ತನ್ನನ್ನೇ ತಾನು ನಕಲು ಮಾಡಿಕೊಳ್ಳುವ ಬಾಲಕಿಯರುಂಟು. ಇಲ್ಲಿ ಪ್ರಾರ್ಥನೆಯು ಲೇಖನಿಗೆ ಕಾವಲಾಗುತ್ತದೆ. ನಾವು ಚಿಕ್ಕವರೆಂಬುದನ್ನೂ ನಮ್ಮ ಮಾತನ್ನು ಕೇಳುವಾತನು ದೊಡ್ಡವನೆಂಬುದನ್ನೂ ಅದು ದಿನದಿನವೂ ನೆನಪಿಗೆ ತರುತ್ತದೆ.

7. ಮನೆಯಲ್ಲಿ ಮಾಡತಕ್ಕ ಅಭ್ಯಾಸ

ವಾರಕ್ಕೊಂದು ದಿನ ಅರ್ಧ ಗಂಟೆಯನ್ನು ಮೀಸಲಿಡಿರಿ. ಮೊದಲು ಐದು ನಿಮಿಷ ಮಾತಿಲ್ಲದೆ ಕುಳಿತುಕೊಳ್ಳಿರಿ. ಆಮೇಲೆ ಒಂದು ಚಿಕ್ಕ ವೇದಭಾಗವನ್ನು ಗಟ್ಟಿಯಾಗಿ ಓದಿರಿ. ಆ ದಿನ ಕಂಡ ಒಂದೇ ಒಂದು ವಸ್ತುವನ್ನಾಗಲಿ ಮುಖವನ್ನಾಗಲಿ ಕುರಿತು ಹತ್ತು ಸಾಲು ಬರೆಯಿರಿ. ‘ಸುಂದರ’, ‘ಅದ್ಭುತ’, ‘ಅಪಾರ’ ಎಂಬ ಮಾತುಗಳನ್ನು ಬಿಟ್ಟು, ಕಣ್ಣಿಗೆ ಕಂಡದ್ದನ್ನೂ ಕಿವಿಗೆ ಕೇಳಿದ್ದನ್ನೂ ಹೇಳಿರಿ. ಕೊನೆಯಲ್ಲಿ, ಬರೆದುದರಿಂದ ಮನಸ್ಸಿಗೆ ಬಂದ ಸ್ತುತಿಯನ್ನಾಗಲಿ ದೂರನ್ನಾಗಲಿ ದೇವರಿಗೆ ಸ್ವಂತ ಮಾತಿನಲ್ಲಿ ಒಪ್ಪಿಸಿರಿ. ಮಾರನೆಯ ದಿನ ಆ ಹತ್ತು ಸಾಲುಗಳನ್ನು ಓದಿ, ನಿಮ್ಮವಲ್ಲದ ಮಾತುಗಳ ಕೆಳಗೆ ಗೆರೆ ಎಳೆದು, ಅವುಗಳ ಸ್ಥಾನದಲ್ಲಿ ನಿಮ್ಮ ಮಾತುಗಳನ್ನು ಹಾಕಿರಿ. ತಾಯಿಯೂ ಮಗಳೂ ಕೂಡಿ ಇದನ್ನು ಮಾಡಿದರೆ ಇನ್ನೂ ಒಳ್ಳೆಯದು. ಆದರೆ ಇಬ್ಬರಿಗೂ ಬೇರೆಬೇರೆ ಪುಸ್ತಕವಿರಲಿ.

ಧ್ಯಾನಕ್ಕೂ ಸಂಭಾಷಣೆಗೂ ಪ್ರಶ್ನೆಗಳು

1. ಬೆಚಲೇಲನ ಕೆಲಸಕ್ಕೂ ನೂಲು ನೂತ ಸ್ತ್ರೀಯರ ಕೆಲಸಕ್ಕೂ ನಿಮ್ಮ ಮನೆಯಲ್ಲಿ ಸಮಾನವಾದ ಕೆಲಸ ಯಾವುದು?

2. ಏಲಿಯು ಹನ್ನಳ ವಿಷಯದಲ್ಲಿ ತಪ್ಪು ತಿಳಿದದ್ದು ಏಕೆ? ನಾವು ಮಕ್ಕಳ ಮಾತನ್ನು ಹಾಗೆಯೇ ತಪ್ಪಾಗಿ ತಿಳಿಯುವ ಸಂದರ್ಭಗಳು ಯಾವುವು?

3. ಹನ್ನಳ ಗೀತೆಯನ್ನೂ ಮರಿಯಳ ಗೀತೆಯನ್ನೂ ಹೋಲಿಸಿ ಓದಿರಿ. ಮರಿಯಳು ಪಿತ್ರಾರ್ಜಿತವಾಗಿ ಪಡೆದದ್ದೇನು, ತನ್ನದಾಗಿ ಸೇರಿಸಿದ್ದೇನು?

4. ಎರಡನೆಯ ಸುರುಳಿಯು ಮೊದಲನೆಯದಕ್ಕಿಂತ ದೊಡ್ಡದಾದದ್ದು ಹೇಗೆ? ನೀವು ಪುನಃ ಆರಂಭಿಸಬೇಕಾದ ಕೆಲಸ ಯಾವುದು?

5. ನೀವು ದೇವರಿಗೆ ಇದುವರೆಗೂ ಹೇಳದೆ ಇರುವ ಒಂದು ಮಾತು ಉಂಟೇ? ಅದನ್ನು ಮೊದಲು ಕಾಗದದ ಮೇಲೆ ಬರೆದು ನೋಡಿರಿ.

ನಮ್ಮ ಶಾಲೆಯಿಂದ ಹೊರಟ ಬಾಲಕಿಯರೆಲ್ಲರೂ ಗ್ರಂಥಕರ್ತೃಗಳಾಗಬೇಕೆಂದು ನಾವು ಬಯಸುವುದಿಲ್ಲ. ಆದರೆ ಮಗುವಿಗೆ ಜ್ವರ ಬಂದ ರಾತ್ರಿಯಲ್ಲಿ, ಮನೆಯಲ್ಲಿ ಮರಣವು ಸಂಭವಿಸಿದ ದಿನದಲ್ಲಿ, ಸಂತೋಷವು ಉಕ್ಕಿಬಂದ ಗಳಿಗೆಯಲ್ಲಿ, ದೇವರಿಗೂ ಮನುಷ್ಯರಿಗೂ ಹೇಳತಕ್ಕದ್ದನ್ನು ತಮ್ಮ ಸ್ವಂತ ಮಾತಿನಲ್ಲಿ ಹೇಳಬಲ್ಲವರಾಗಬೇಕೆಂಬುದೇ ನಮ್ಮ ಆಶೆ. ಮನುಷ್ಯನಿಗೆ ಬಾಯನ್ನು ಕೊಟ್ಟಾತನು ನಿಮ್ಮ ಬಾಯಿಗೂ ಕೈಗೂ ಸತ್ಯವನ್ನು ದಯಪಾಲಿಸಲಿ.